ಕಾಲಿಗೆ ಕೊಟ್ಟ ನೀರು

ನನ್ನ ಈ ಬೀಳ್ಕೊಡುಗೆ ಸಮಾರಂಭದ ಅಧ್ಯಕ್ಷರೂ, ಹತ್ತು ವರ್ಷಗಳ ಕಾಲ ನನ್ನ ಗಂಟಲನ್ನು ಸಹಿಸಿಕೊಂಡ ಮೇಲಧಿಕಾರಿಗಳೂ ಆದ ಡಾಕ್ಟರ್ ನೀಲಕಂಠಸ್ವಾಮಿಯವರೇ, ಚಾಮರಾಜನಗರದಿಂದ ಈ ಏಪ್ರಿಲ್ ಬಿಸಿಲಿನಲ್ಲಿ ಬಸ್ಸು ಹತ್ತಿ ಬಂದಿರುವ ಇಲಾಖೆಯ ಹಿರಿಯರೇ, ಗುಂಡ್ಲುಪೇಟೆ ಪಶು ಆಸ್ಪತ್ರೆಯ ನನ್ನ ಸಹೋದ್ಯೋಗಿಗಳೇ, ಮುಂದಿನ ಸಾಲಿನಲ್ಲಿ ಕೂತು ‘ಬೇಗ ಮುಗಿಸಿ’ ಎಂದು ಈಗಾಗಲೇ ಕಣ್ಣಿನಲ್ಲೇ ಅಪ್ಪಣೆ ಕೊಡುತ್ತಿರುವ ನನ್ನ ಧರ್ಮಪತ್ನಿ ಶಾಂತಮಲ್ಲಮ್ಮನವರೇ, ದನ, ಎಮ್ಮೆ, ಕುರಿ, ಮೇಕೆ, ಕೋಳಿ, ಹಂದಿಗಳ ಯಜಮಾನರೇ, ಯಜಮಾನಿಯರೇ, ಸಭಿಕರೇ!

ಮೈಕಿನ ನಿಂಗರಾಜು, ಮೊದಲು ಅದನ್ನು ಆರಿಸಪ್ಪ. ಮರಿಮಲ್ಲಪ್ಪ ಮೈಕು ಹಿಡಿದ ಎಂದರೆ ನಮ್ಮಪ್ಪನ ಹೆಸರಿಗೆ ಕುಂದು. ಅವರು ಮೈಕಿಲ್ಲದ ಕಾಲದಲ್ಲಿ ಪೌರಾಣಿಕ ನಾಟಕಗಳಲ್ಲಿ ರಾಜನ ಪಾರ್ಟು ಮಾಡಿದವರು. ರಂಗದ ಮೇಲೆ ನಿಂತು ‘ಎಲವೋ’ ಎಂದರೆ ಕೆರೆ ಏರಿಯ ಮೇಲೆ ಹೋಗುತ್ತಿದ್ದ ಗಾಡಿಯ ಎತ್ತು ನಿಂತುಬಿಡುತ್ತಿತ್ತಂತೆ. ಎತ್ತು ಯಾಕೆ ನಿಂತಿತು ಎಂದು ಗಾಡಿಯವನು ಇಳಿದು ಬಂದು ನಾಟಕ ನೋಡುತ್ತಿದ್ದನಂತೆ. ಹಾಗೆ ನಮ್ಮಪ್ಪ ಜನ ಸೇರಿಸುತ್ತಿದ್ದರು. ಆ ಗಂಟಲು ನನಗೆ ಬಂತು. ಆ ಪಾರ್ಟು ಮಾತ್ರ ಬರಲಿಲ್ಲ. ಅದರ ಕಥೆ ಆಮೇಲೆ.

ನಿರೂಪಣೆ ಮಾಡಿದ ಮಿತ್ರರು ನನ್ನ ಬಗ್ಗೆ ಏನೆಂದರು? ‘ತೊಂಬತ್ತಾರನೇ ಇಸವಿಯಲ್ಲಿ ನಮ್ಮ ಸೀಮೆಗೆ ಹಂದಿ ಜ್ವರ ಬಂದಾಗ ಎದೆಗೊಟ್ಟು ನಿಂತ ಧೀರ’ ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ಜೋರಾಗಿಯೇ ತಟ್ಟಿದಿರಿ. ಆ ಚಪ್ಪಾಳೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟುಕೊಂಡಿರಿ.

ಯಾಕೆಂದರೆ ನಾನು ಈ ಹೊತ್ತು ಈ ಸಭೆಯಲ್ಲಿ ಒಂದು ವಾಕ್ಯ ಹೇಳಬೇಕಾಗಿದೆ. ಒಂದೇ ವಾಕ್ಯ. ಬೇಗೂರಿನ ಮಾದಣ್ಣ ಎಂಬ ಮನುಷ್ಯನ ಹೆಸರು ಮೂರು ವರ್ಷದ ಹಿಂದೆ ಕೆಟ್ಟಿತು. ಅದನ್ನು ಸರಿಪಡಿಸುವ ವಾಕ್ಯ ಅದು. ಹೇಳುತ್ತೇನೆಂದು ಅವರ ಹೆಂಡತಿ ಸುಂದ್ರಮ್ಮನವರಿಗೆ ಮಾತು ಕೊಟ್ಟಿದ್ದೇನೆ. ಅಗೋ, ಎಡಗಡೆಯ ಕಂಬದ ಪಕ್ಕ ಕೂತಿದ್ದಾರಲ್ಲ, ಅವರೇ. ಅವರು ನನಗೊಂದು ಷರತ್ತನ್ನೂ ಹಾಕಿದ್ದಾರೆ: ನಾಟಕ ಮಾಡಕೂಡದು. ಸಭಿಕರೇ, ನನಗೆ ನಾಟಕ ಮಾಡಬೇಡಿ ಎನ್ನುವುದೂ ಒಂದೇ, ಎಮ್ಮೆಗೆ ಕೆರೆ ತೋರಿಸಿ ಇಳಿಯಬೇಡ ಎನ್ನುವುದೂ ಒಂದೇ! ಆದರೂ ಪ್ರಯತ್ನ ಮಾಡುತ್ತೇನೆ. ಇದುವರೆಗೆ ಮಾಡಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಾನು ದನದ ಆಸ್ಪತ್ರೆಗೆ ಅಟೆಂಡರಾಗಿ ಸೇರಿದ್ದು ಅರವತ್ತಮೂರರಲ್ಲಿ. ಆಮೇಲೆ ಕಾಂಪೌಂಡರ್ ಆದೆ. ಮೂವತ್ತಾರು ವರ್ಷ. ಎಷ್ಟು ಹಸುಗಳ ಬಾಯಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಹೊಯ್ದೆನೋ, ಎಷ್ಟು ಎತ್ತುಗಳ ಒದೆ ತಿಂದೆನೋ, ಬಲಗಡೆಯ ಮಂಡಿ ಒಂದಕ್ಕೇ ಗೊತ್ತು. ಆಗ ನಮ್ಮ ರಿಜಿಸ್ಟರಿನಲ್ಲಿ ದನ, ಎಮ್ಮೆ, ಕುರಿ, ಮೇಕೆ, ನಾಯಿ, ಇತರೆ ಎಂದು ಕಾಲಂಗಳಿದ್ದವು. ಹಂದಿ ಎಲ್ಲಿ? ಹಂದಿ ‘ಇತರೆ’ಯಲ್ಲಿ. ಸಾಕುವವರು ತರುತ್ತಲೂ ಇರಲಿಲ್ಲ, ನಾವು ಕರೆಯುತ್ತಲೂ ಇರಲಿಲ್ಲ. ಒಮ್ಮೆ ಯಾರೋ ಒಂದು ಮರಿಯನ್ನು ಗೋಣಿಚೀಲದಲ್ಲಿ ತಂದರು. ‘ಇಲ್ಲಿ ಬೇಡ, ಹಿಂದುಗಡೆ ಹೋಗಿ’ ಎಂದು ಕಳಿಸಿದವನು ನಾನೇ. ಹಿಂದುಗಡೆ ಏನಿತ್ತು? ಹಿಂದುಗಡೆ ಕಾಂಪೌಂಡು ಗೋಡೆಯಿತ್ತು. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಬಂತು, ಹೇಳಿದೆ.

ಇಂಥ ಆಸ್ಪತ್ರೆಗೆ ನೀಲಕಂಠಸ್ವಾಮಿಯವರು ಬಂದರು. ಮನೆಯಲ್ಲಿ ದಿನವೂ ಲಿಂಗಪೂಜೆ, ಮೊಟ್ಟೆಯ ವಾಸನೆಯೂ ಆಗದು. ಅಂಥವರು ಮೊದಲನೇ ವಾರವೇ ಪ್ಯಾಂಟು ಮಡಿಸಿಕೊಂಡು ಹಂದಿ ದೊಡ್ಡಿಗೆ ಇಳಿದುಬಿಟ್ಟರು! ‘ಏನ್ರೀ ಮರಿಮಲ್ಲಪ್ಪ, ರೋಗಕ್ಕೆ ಜಾತಿ ಕಾಲಂ ಇದೆಯೇನ್ರೀ?’ ಎಂದು ಒಳಗಿನಿಂದಲೇ ಕೇಳಿದರು. ನಾನೂ ಇಳಿದೆ. ಆ ದಿನದಿಂದ ಶಾಂತಮಲ್ಲಮ್ಮ ನನಗೆ ಹಿತ್ತಲಲ್ಲೇ ಸ್ನಾನ ಮಾಡಿಸಿ ಒಳಗೆ ಬಿಟ್ಟುಕೊಂಡರು. ನಗಬೇಡಿ, ಚಳಿಗಾಲದಲ್ಲೂ ಹಿತ್ತಲಲ್ಲೇ.

ತೊಂಬತ್ತಾರನೇ ಇಸವಿ. ಆಗ ನಮ್ಮದು ಇನ್ನೂ ಮೈಸೂರು ಜಿಲ್ಲೆ. ಮೊದಲು ಸುದ್ದಿ ಬಂದದ್ದು ಚಾಮರಾಜನಗರದ ಕಡೆಯಿಂದ. ಹಂದಿಗಳು ಮೇವು ಬಿಡುತ್ತಿದ್ದವು. ಸುಡುಬಿಸಿಲಲ್ಲೂ ಒಂದರ ಮೇಲೊಂದು ಬಿದ್ದುಕೊಂಡು ನಡುಗುತ್ತಿದ್ದವು. ಕಣ್ಣು ಪಿಸುರಿನಿಂದ ಅಂಟಿಕೊಳ್ಳುತ್ತಿತ್ತು. ಎಬ್ಬಿಸಿದರೆ ಹಿಂಗಾಲು ನೆಟ್ಟಗೆ ನಿಲ್ಲದು. ನಾಲ್ಕು ಹೆಜ್ಜೆ ತೂರಾಡಿ ಬೀಳುತ್ತಿದ್ದವು. ಸಾಕುವವರು ಅದಕ್ಕೆ ‘ತೂರಾಡೋ ಕಾಯ್ಲೆ’ ಎಂದು ಹೆಸರಿಟ್ಟರು. ನಮ್ಮ ಕಡೆ ಯಾರೂ ಕಂಡಿರದ ರೋಗ. ಡಾಕ್ಟರು ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಹೇಳಿದರು. ಆ ಮಾತು ಇವತ್ತಿಗೂ ಹಾಗೇ ಕಿವಿಯಲ್ಲಿದೆ: ‘ಇದು ವೈರಸ್ಸು. ಬಂದ ಮೇಲೆ ಔಷಧಿಯಿಲ್ಲ. ಬರುವುದಕ್ಕೆ ಮುಂಚೆ ಲಸಿಕೆ ಹಾಕಬೇಕು. ಇದು ಮನುಷ್ಯರಿಗೆ ಬರುವುದಿಲ್ಲ. ಆದರೆ ಮನುಷ್ಯರ ಕಾಲಿನಲ್ಲಿ ಬರುತ್ತದೆ.’

ಮನುಷ್ಯರ ಕಾಲಿನಲ್ಲಿ! ಅದಕ್ಕೇ ಇಲಾಖೆಯಿಂದ ಲಸಿಕೆಯ ಜೊತೆಗೆ ಮಂಡಿಯವರೆಗೆ ಬರುವ ರಬ್ಬರ್ ಬೂಟುಗಳೂ ಬಂದವು. ಒಂದು ದೊಡ್ಡಿಯಿಂದ ಹೊರಗೆ ಬಂದ ಕೂಡಲೇ ಸೋಡಾ ಕಲಸಿದ ಬಿಸಿನೀರಿನಲ್ಲಿ ಬೂಟು ಅದ್ದಿ, ಬ್ರಷ್ಷಿನಲ್ಲಿ ತಿಕ್ಕಿ, ಆಮೇಲೆ ಇನ್ನೊಂದು ದೊಡ್ಡಿ. ಗೋಲಿ ಸೋಡಾ ಅಲ್ಲ, ಬಟ್ಟೆ ಸೋಡಾ. ಕಟ್ಟುನಿಟ್ಟು. ಡಾಕ್ಟರು ಸಾಕುವವರಿಗೂ ಅದನ್ನೇ ಹೇಳಿಕೊಟ್ಟರು: ಯಾರೇ ಬರಲಿ, ನಾವೇ ಬಂದರೂ, ಕಾಲಿಗೆ ಸೋಡಾ ನೀರು ಕೊಟ್ಟೇ ಒಳಗೆ ಬಿಡಿ.

ನನ್ನ ಪಾದ ನೋಡಿದ್ದೀರಾ? ಹನ್ನೊಂದನೇ ನಂಬರು. ಚಾಮರಾಜನಗರದಲ್ಲೂ ಚಪ್ಪಲಿ ಸಿಗುವುದಿಲ್ಲ. ಹುಟ್ಟಿದಾಗಿನಿಂದ ನನ್ನ ಕಾಲಿಗೆ ಸರಿಯಾಗಿ ಕೂತ ಮೊದಲ ಪಾದರಕ್ಷೆ ಎಂದರೆ ಆ ಇಲಾಖೆಯ ಬೂಟು! ಇಲ್ಲಿಂದ ಕಥೆ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ. ಆದರೆ ಬಂದು ಸೇರುವುದು ಅಲ್ಲಿಗೇ, ಹೆದರಬೇಡಿ.

ಬೇಗೂರಿನಲ್ಲಿ ನಮ್ಮದೊಂದು ನಾಟಕದ ಸಂಘ. ಮೂವತ್ತು ವರ್ಷದಿಂದ ಅದರಲ್ಲಿ ನನ್ನ ಪಾರ್ಟು ಯಾವುದು? ದ್ವಾರಪಾಲಕ. ಈಟಿ ಹಿಡಿದು ನಿಲ್ಲುವುದು. ‘ಪ್ರಭುಗಳಿಗೆ ಜಯವಾಗಲಿ’ ಎನ್ನುವುದು. ಒಂದು ಮಾತಿಗಾಗಿ ಮೂರು ಗಂಟೆ ನಿಲ್ಲುವುದು. ರಾಜನ ಪಾರ್ಟು ಮಾಡುತ್ತಿದ್ದವರು ಒಬ್ಬ ಸ್ಕೂಲು ಮೇಷ್ಟ್ರು. ಆ ವರ್ಷ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ನಾಟಕದ ಮೇಷ್ಟ್ರು ಮಹದೇವಪ್ಪನವರು ಹಾರ್ಮೋನಿಯಂ ಮುಚ್ಚಿ ನನ್ನ ಕಡೆ ತಿರುಗಿದರು.

‘ಮರಿಮಲ್ಲ, ಈ ಸಲ ರಾಜ್‌ಪಾರ್ಟು ನಿಂದೇ ಕಣ್ಲಾ.’

ನಾನು ಐವತ್ತೈದು ವರ್ಷದ ಗಂಡಸು. ಕಣ್ಣಲ್ಲಿ ನೀರು ಬಂದುಬಿಟ್ಟಿತು.

‘ಅಳ್ಬ್ಯಾಡ ಕಣ್ಲಾ, ಮೊದ್ಲು ಕಾಲ್ಗೇನಾರ ಒಂದುಸ್ಕೊ. ಡ್ರೆಸ್ಸಿನೋರ ತಾವ ನಿನ್ ಪಾದದ್ ಸೈಜ್‌ದು ಸಿಕ್ಕಾಕಿಲ್ಲ. ಬರಿಗಾಲಲ್ ಬಂದ್ರೆ ರಾಜ ಅಂತಾರಾ? ರಾಜ್ಯ ಕಳ್ಕಂಡೋನು ಅಂತಾರೆ!’

ಈಗ ನಿಮಗೆ ಅರ್ಥವಾಗಿರಬೇಕು. ಶುಕ್ರವಾರ ಡಾಕ್ಟರು ‘ಗುಂಡ್ಲುಪೇಟೆಯ ಕೆಲಸ ಮುಗಿಯಿತು, ಸೋಮವಾರ ಬೇಗೂರಿಗೆ ಲಸಿಕೆ’ ಎಂದರು. ಭಾನುವಾರ ನಾಟಕ. ನಾನು ಬೂಟನ್ನು ಮನೆಗೆ ತಂದೆ. ತಿಕ್ಕಿ ತಿಕ್ಕಿ ತೊಳೆದೆ, ಅದರಲ್ಲಿ ಸುಳ್ಳಿಲ್ಲ. ಆಮೇಲೆ ಮೈದಾ ಗೋಂದು ಮಾಡಿಸಿ, ಚಿನ್ನದ ಬಣ್ಣದ ಬೇಗಡೆ ಕಾಗದವನ್ನು ಬೆರಳಿನ ತುದಿಯಿಂದ ಮಂಡಿಯವರೆಗೆ ಅಂಟಿಸಿದೆ. ಗೋಂದು ಕಾಯಿಸಿಕೊಟ್ಟ ಶಾಂತಮಲ್ಲಮ್ಮ ಅವತ್ತು ಏನೆಂದರು ಗೊತ್ತೇ? ‘ಹಂದಿ ದೊಡ್ಡಿ ತುಳಿದ ಬೂಟು, ಇದಕ್ಕೆ ಚಿನ್ನ ಬೇರೆ ಕೇಡು!’ ಹೌದಲ್ಲವೇ ಶಾಂತಾ? ತಲೆ ತಗ್ಗಿಸಬೇಡ. ನೀನು ಸರಿಯಾಗಿಯೇ ಹೇಳಿದ್ದೆ.

ಶನಿವಾರ ಬೆಳಿಗ್ಗೆ ಜವಾನ ಓಡಿಬಂದ. ಗುಂಡ್ಲುಪೇಟೆಯ ಕೊನೆಯ ದೊಡ್ಡಿಯಲ್ಲಿ ಇನ್ನೂ ಎರಡು ಹಂದಿ ಬಿದ್ದಿವೆ, ಡಾಕ್ಟರು ಕರೆಯುತ್ತಿದ್ದಾರೆ. ಬೂಟಿಲ್ಲದೆ ಹೋಗುವಂತಿಲ್ಲ. ಇರುವುದು ಆ ಒಂದು ಜೊತೆ. ಬೇಗಡೆಯ ಮೇಲೆ ಒಂದು ಪಂಚೆ ಸುತ್ತಿಕೊಂಡು ಹೋದೆ. ಕೆಸರಿನಲ್ಲಿ ಪಂಚೆ ಎಷ್ಟು ಹೊತ್ತು ನಿಲ್ಲುತ್ತದೆ? ಬಿಚ್ಚಿಕೊಂಡಿತು. ಡಾಕ್ಟರು ಸತ್ತ ಹಂದಿಯ ಕಡೆ ಬಗ್ಗಿದ್ದರು, ನನ್ನ ಕಾಲು ನೋಡಲಿಲ್ಲ. ಕೆಲಸ ಮುಗಿದ ಮೇಲೆ ಅವರು ತಮ್ಮ ಬೂಟನ್ನು ಸೋಡಾ ನೀರಿಗೆ ಅದ್ದಿ ತಿಕ್ಕಿದರು. ‘ನೀವೂ ತೊಳೆದುಕೊಂಡು ಹೊರಡಿ’ ಎಂದು ಹೇಳಿ ಹೋದರು.

ನಾನು ಆ ಬಕೆಟ್ಟಿನ ಮುಂದೆ ನಿಂತೆ. ಬಿಸಿ ಸೋಡಾ ನೀರು. ಒಂದು ಸಲ ಅದ್ದಿದರೆ ಗೋಂದು ಬಿಟ್ಟುಕೊಳ್ಳುತ್ತದೆ, ಬೇಗಡೆ ಹೋಗುತ್ತದೆ. ಮೂವತ್ತು ವರ್ಷ ಬಾಗಿಲು ಕಾದವನು ಮತ್ತೆ ಬರಿಗಾಲಿನ ರಾಜ. ಸಭಿಕರೇ, ಮನುಷ್ಯ ಎಷ್ಟು ದೊಡ್ಡ ತಪ್ಪನ್ನು ಎಷ್ಟು ಸಣ್ಣ ಕಾಗದಕ್ಕಾಗಿ ಮಾಡುತ್ತಾನೆ! ನಾನು ಒದ್ದೆ ಬಟ್ಟೆಯಲ್ಲಿ ಮೇಲೆ ಮೇಲೆ ಒರೆಸಿಕೊಂಡೆ. ಪಳಪಳ ಅಂದಿತು. ಸಾಕು ಅನ್ನಿಸಿತು.

ಮಧ್ಯಾಹ್ನದ ಬಸ್ಸಿಗೆ ಬೇಗೂರಿಗೆ ಹೊರಟೆ. ಸಂಜೆ ಪೂರ್ತಿ ವೇಷದಲ್ಲಿ ಪ್ರಾಕ್ಟೀಸು. ಜೊತೆಗೆ ಥರ್ಮಾಸು ಫ್ಲಾಸ್ಕಿನಲ್ಲಿ ಐಸು, ಲಸಿಕೆ. ಸೋಮವಾರ ಹಾಕಬೇಕಾದದ್ದನ್ನು ಇವತ್ತೇ ಒಂದು ಮನೆಗಾದರೂ ಹಾಕಿಬಿಟ್ಟರೆ ಸೋಮವಾರ ಸ್ವಲ್ಪ ಮಲಗಬಹುದು ಎಂಬ ಲೆಕ್ಕ. ಮೊದಲ ಮನೆ ಸುಂದ್ರಮ್ಮನವರದು.

ಹದಿನಾಲ್ಕು ಹಂದಿ. ಆ ಗುಂಪಿನ ತಾಯಿ ಹಂದಿ ಕೆಂಪಿ. ಸುಂದ್ರಮ್ಮನವರ ತವರು ಪುಣಜನೂರು. ಮದುವೆಯಾಗಿ ಬರುವಾಗ ಅವರ ಅವ್ವ ಮಡಿಲು ತುಂಬಿ, ಒಂದು ಹೆಣ್ಣು ಮರಿಯನ್ನು ಕುಕ್ಕೆಯಲ್ಲಿಟ್ಟು ಕಳಿಸಿದ್ದರಂತೆ. ಕೆಂಪಿ ಆ ಮರಿಯ ಮೊಮ್ಮಗಳೋ ಮರಿಮಗಳೋ. ತವರು ದೂರ, ಅವ್ವ ಇಲ್ಲ. ಕೆಂಪಿ ಇತ್ತು.

ಸುಂದ್ರಮ್ಮ ಬಾಗಿಲಲ್ಲೇ ನಿಂತಿದ್ದರು. ನನ್ನ ಕಾಲು ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದರು.

‘ಏನ್ ಸಾ, ಕಾಲೆಲ್ಲ ಪಳಪಳ ಅಂತದೆ! ಮದ್ವೆ ಗಿದ್ವೆ ಏನಾರ?’

‘ರಾಜ ಕಣಮ್ಮ, ನಾಳೆ ನಾನು ರಾಜ’ ಎಂದೆ.

‘ಆಗ್ಲಿ ಬುಡಿ, ರಾಜ್ರೇ ಬಂದವ್ರೆ ನಮ್ ಅಂದಿಗೆ ಸೂಜಿ ಚುಚ್ಚಕೆ. ತಡೀರಿ, ಡಾಕ್ಟ್ರು ಏಳಿದ್ರಲ್ಲ, ಸೋಡಾ ನೀರ್ ಕಾಯ್ಸಿ ಮಡ್ಗಿವ್ನಿ. ಕಾಲ್ಗೆ ತತ್ತೀನಿ.’

ಅವರು ಚೊಂಬು ತಂದರು. ಹೊಗೆಯಾಡುತ್ತಿದ್ದ ನೀರು. ಮನೆಗೆ ಬಂದವರ ಕಾಲಿಗೆ ನೀರು ಕೊಡುವುದು ನಮ್ಮ ಕಡೆಯ ಪದ್ಧತಿ, ಯಾರೂ ಬೇಡ ಎನ್ನುವುದಿಲ್ಲ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ‘ಬೇಡ ಬೇಡ, ಈಗ ತಾನೇ ತೊಳೆದುಕೊಂಡು ಬಂದೆ’ ಎಂದೆ. ಅವರ ಮುಖ ಸಣ್ಣದಾಯಿತು. ಚೊಂಬು ಒಳಗೆ ತೆಗೆದುಕೊಂಡು ಹೋದರು. ನಾನು ಬೂಟು ಹಾಕಿಕೊಂಡೇ ದೊಡ್ಡಿಯೊಳಗೆ ಹೋದೆ. ಹದಿನಾಲ್ಕಕ್ಕೂ ಸೂಜಿ ಹಾಕಿದೆ.

ಭಾನುವಾರ ನಾಟಕ. ಹೇಗಾಯಿತು ಎಂದು ಕೇಳುತ್ತೀರಾ? ಬೇಗೂರಿನವರನ್ನು ಕೇಳಿ! ಆ ಬೂಟು ಹಲಗೆಯ ಮೇಲೆ ‘ದಬ್’ ಎಂದಾಗ... ಬೇಡ. ಷರತ್ತಿದೆ. ಚೆನ್ನಾಗಿ ಆಯಿತು.

ಒಂಬತ್ತನೇ ದಿನಕ್ಕೆ ಕೆಂಪಿ ಮೇವು ಬಿಟ್ಟಿತು. ಲಸಿಕೆ ಮೈಗೆ ಹಿಡಿಯುವುದಕ್ಕೆ ಒಂದು ವಾರವಾದರೂ ಬೇಕು. ರೋಗ ಅದೇ ದಿನ, ಅದೇ ಹೊತ್ತಿಗೆ ಒಳಗೆ ಹೋಗಿತ್ತು. ಹದಿನಾಲ್ಕರಲ್ಲಿ ಹನ್ನೊಂದು ಹೋದವು. ಆಮೇಲೆ ಅಕ್ಕಪಕ್ಕದ ದೊಡ್ಡಿಗಳು. ಬೇಗೂರಿನಲ್ಲಿ ಒಟ್ಟು ನಲವತ್ತಕ್ಕೂ ಮೇಲೆ. ಮಾದಣ್ಣ ತಾವೇ ಗುಂಡಿ ತೋಡಿದರು. ನಾನು ಸುಣ್ಣ ಚೆಲ್ಲಿದೆ. ಕೆಂಪಿಯನ್ನು ಇಳಿಸುವಾಗ ಸುಂದ್ರಮ್ಮ ಅದರ ಕಿವಿಯನ್ನು ಒಂದು ಸಲ ನೇವರಿಸಿ ಕೈ ಬಿಟ್ಟರು, ಅಳಲಿಲ್ಲ. ಡಾಕ್ಟರು ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ವಿಚಾರಣೆ ಮಾಡಿದರು. ಮೊದಲು ಮಾದಣ್ಣನನ್ನು ಕೇಳಿದರು: ಹಂದಿಗೆ ಏನು ಹಾಕುತ್ತೀರಿ?

‘ಗುಂಡ್ಲುಪೇಟೆ ಓಟ್ಲುಗಳ ಮುಸುರೆ ಬುದ್ಧಿ. ಲಾರಿಯೋರು ತಿಂದು ಬುಟ್ಟಿದ್ದು.’

‘ಬೇಯಿಸಿ ಹಾಕಿ ಎಂದಿದ್ದೆನಲ್ಲ?’

‘ಸುಳ್ ಏಳಾಕಿಲ್ಲ ಬುದ್ಧಿ. ಸೌದೆ ಇದ್ರೆ ಬೇಯಿಸ್ತೀನಿ. ಎರಡು ದಿನ ಅಂಗೇ ಆಕ್ಬುಟ್ಟೆ.’

ಎಂಥ ಉತ್ತರ ನೋಡಿ! ಯಾರೂ ಕೇಳಿರದ ಆ ಎರಡು ದಿನವನ್ನು ತಾನಾಗಿ ಹೇಳಿದ ಮನುಷ್ಯ. ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು. ‘ಮರಿಮಲ್ಲಪ್ಪ, ಆ ಶನಿವಾರ ಬೂಟು ತೊಳೆದಿದ್ದಿರಾ?’

‘ತೊಳೆದೆ ಸಾರ್!’

ನಮ್ಮಪ್ಪನ ಗಂಟಲಿನಲ್ಲಿ ಹೇಳಿದೆ. ಎದೆ ಸೆಟೆಸಿ ಹೇಳಿದೆ. ನನ್ನ ಇಡೀ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಯಾವ ಪಾರ್ಟನ್ನೂ ಮಾಡಿಲ್ಲ, ರಾಜನದನ್ನೂ ಸೇರಿಸಿ. ಸಣ್ಣ ದನಿಯಲ್ಲಿ ಸತ್ಯ ಹೇಳಿದವನು ಅಲ್ಲಿ ನಿಂತಿದ್ದ, ದೊಡ್ಡ ದನಿಯಲ್ಲಿ ಸುಳ್ಳು ಹೇಳಿದವನು ಇಲ್ಲಿ ನಿಂತಿದ್ದ. ಯಾರನ್ನು ನಂಬಿದರು? ಡಾಕ್ಟರದು ತಪ್ಪಲ್ಲ. ಅವರು ತಮ್ಮ ಕಾಂಪೌಂಡರನ್ನು ನಂಬಿದರು.

ವರದಿ ಬರೆದವನು ಯಾರು? ಅಕ್ಷರ ದುಂಡಗಿದೆ ಎಂದು ನನ್ನ ಕೈಯಲ್ಲೇ ಬರೆಸಿದರು. ‘ಸದರಿ ಮಾದಣ್ಣ ಎಂಬುವವರು ಹೋಟೆಲುಗಳ ಮುಸುರೆಯನ್ನು ಬೇಯಿಸದೆ ಹಾಕುತ್ತಿದ್ದುದೇ ರೋಗ ಹರಡಲು ಕಾರಣವೆಂದು ಕಂಡುಬಂದಿರುತ್ತದೆ.’ ಕಂಡುಬಂದಿರುತ್ತದೆ! ಯಾರಿಗೆ ಕಂಡುಬಂತು? ಆ ಪದವನ್ನೂ ದುಂಡಗೇ ಬರೆದೆ. ಅದನ್ನು ಊರ ಸಭೆಯಲ್ಲಿ ಓದಿದರು. ಓದಿದವನೂ ನಾನೇ, ಮೈಕು ಇರಲಿಲ್ಲವಲ್ಲ. ಹಂದಿ ಕಳೆದುಕೊಂಡವರೆಲ್ಲ ಮಾದಣ್ಣನವರ ಮೇಲೆ ತಿರುಗಿಬಿದ್ದರು. ಹೋಟೆಲಿನವರು ಮುಸುರೆ ಕೊಡುವುದನ್ನು ನಿಲ್ಲಿಸಿದರು. ‘ತೂರಾಡೋ ಮಾದ’ ಎಂದು ಅಡ್ಡಹೆಸರು ಬಿತ್ತು. ಅವರು ಗಡಿ ದಾಟಿ ಸುಲ್ತಾನ್ ಬತ್ತೇರಿಯ ಕಡೆ ಶುಂಠಿ ಹೊಲದ ಕೂಲಿಗೆ ಹೋದರು. ಈಗಲೂ ಅಲ್ಲೇ. ಎರಡು ತಿಂಗಳಿಗೊಮ್ಮೆ ಬರುತ್ತಾರೆ, ಕತ್ತಲಾದ ಮೇಲೆ ಬಸ್ಸಿಳಿಯುತ್ತಾರೆ ಎಂದು ಕೇಳಿದ್ದೇನೆ.

ನನಗೇನಾಯಿತು? ನನಗೆ ಪ್ರಶಂಸಾ ಪತ್ರ ಬಂತು. ಗಾಜು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದೆ. ಶಾಂತಮಲ್ಲಮ್ಮ ದಿನವೂ ಧೂಳು ಒರೆಸುತ್ತಾರೆ.

ಮೂರು ವರ್ಷ ಯಾಕೆ ಸುಮ್ಮನಿದ್ದೆ ಎಂದು ನೀವು ಕೇಳಬಹುದು. ಸುಮ್ಮನಿರುವುದು ಸುಲಭ, ಅದಕ್ಕೆ. ಹಾಗಾದರೆ ಈಗ ಯಾಕೆ? ಎರಡು ಕಾರಣ ಇವೆ.

ಹೋದ ವರ್ಷ ಒಂದು ಊರಿಗೆ ಹೋಗಿದ್ದೆ, ಹೆಸರು ಬೇಡ. ಹಂದಿಗಳಿಗೆ ಮತ್ತೆ ಏನೋ ಬಂದಿದೆ ಎಂಬ ಗಾಳಿಸುದ್ದಿ. ಹೋದರೆ ದೊಡ್ಡಿಗಳೆಲ್ಲ ಖಾಲಿ. ಕಾಯಿಲೆ ಬಿದ್ದವನ್ನೂ ನೆಟ್ಟಗಿದ್ದವನ್ನೂ ಒಟ್ಟಿಗೆ ಲಾರಿ ಹತ್ತಿಸಿ ಮಾರಿಬಿಟ್ಟಿದ್ದರು. ಆ ಲಾರಿಯ ಜೊತೆ ರೋಗ ಎಲ್ಲೆಲ್ಲಿಗೆ ಹೋಯಿತೋ! ರಾಚಮ್ಮ ಎಂಬ ಮುದುಕಿ ಜಗುಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ‘ಯಾಕಮ್ಮ, ಆಸ್ಪತ್ರೆಗೆ ಒಂದು ಮಾತು ಹೇಳಬಾರದಿತ್ತೇ?’ ಎಂದೆ. ಮುಖ ಕೂಡ ಎತ್ತಲಿಲ್ಲ.

‘ಏಳಿದ್ರೆ ನಮ್ಮುನ್ನೂ ಮಾದನ್ ಮಾಡ್ತೀರಿ, ಓಗಿ ಸಾ.’

ಒಬ್ಬನ ಹೆಸರು ಕೆಡಿಸಿದೆ ಎಂದುಕೊಂಡಿದ್ದೆ. ಅವತ್ತು ತಿಳಿಯಿತು, ಸೀಮೆಯವರ ಬಾಯನ್ನೇ ಮುಚ್ಚಿಸಿದ್ದೆ.

ಎರಡನೆಯದು, ಮೊನ್ನೆ ಪತ್ರಿಕೆಯಲ್ಲಿ ಬಂದ ಸುದ್ದಿ. ಮಲೇಷ್ಯಾ ದೇಶದಲ್ಲಿ ಹಂದಿಗಳಿಗೆ ಒಂದು ಹೊಸ ವೈರಸ್ಸು ಬಂದಿದೆಯಂತೆ. ಅದು ಹಂದಿಯಿಂದ ಮನುಷ್ಯರಿಗೂ ಹಿಡಿದು ಜನ ಸಾಯುತ್ತಿದ್ದಾರಂತೆ. ನಮಗೆ ಬಂದಿದ್ದು ಅದಲ್ಲ, ಗಾಬರಿಯಾಗಬೇಡಿ. ಮಲೇಷ್ಯಾ ದೂರ. ಆದರೆ ನಾಳೆ ನಮ್ಮಲ್ಲಿ ಇನ್ನೊಂದು ಹೊಸದು ಬಂದರೆ ಮೊದಲು ಯಾರ ಕಣ್ಣಿಗೆ ಬೀಳುತ್ತದೆ? ಡಾಕ್ಟರ ಕಣ್ಣಿಗಲ್ಲ. ಬೆಳಿಗ್ಗೆ ಎದ್ದು ಮುಸುರೆ ಹಾಕುವವರ ಕಣ್ಣಿಗೆ. ಅವರು ಬಾಯಿ ಬಿಡದಿದ್ದರೆ? ಆ ಪತ್ರಿಕೆ ಓದಿ ಮಡಿಸಿಟ್ಟೆ, ನಿವೃತ್ತಿಗೆ ಹದಿನೈದು ದಿನ ಉಳಿದಿತ್ತು.

ಈ ಸೋಮವಾರ ಆಮಂತ್ರಣ ಪತ್ರಿಕೆ ಹಿಡಿದುಕೊಂಡು ಬೇಗೂರಿಗೆ ಹೋದೆ. ಸುಂದ್ರಮ್ಮನವರ ಬೇಲಿಯ ಹೊರಗೇ ನಿಂತು ಎಲ್ಲವನ್ನೂ ಹೇಳಿದೆ. ಉಳಿದ ಮೂರು ಹಂದಿಗಳ ಸಂತಾನ ಈಗ ಒಂಬತ್ತಾಗಿದೆ. ಅವರು ಅವಕ್ಕೆ ಸೊಪ್ಪು ಹಾಕುತ್ತಲೇ ಕೇಳಿದರು. ನಾನು ಮುಗಿಸಿದ ಮೇಲೆ ಕೈ ಒರೆಸಿಕೊಂಡರು.

‘ಗೊತ್ತಿತ್ತು ಸಾ.’

‘ಏನು ಗೊತ್ತಿತ್ತು?’

‘ಗುಂಡಿಗೆ ಆಕಿದ್ ಮೇಲೆ ದೊಡ್ಡಿ ಬಳೀವಾಗ ಬಂಗಾರದ್ ಕಾಗ್ದ ಸಿಕ್ತು. ಇಷ್ಟುದ್ದ. ಕಾಲ್ಗೆ ನೀರ್ ಯಾಕ್ ಬ್ಯಾಡ ಅಂದ್ರಿ ಅಂತ ಆಗ್ ಒಳೀತು. ಅಲ್ಲೀಗಂಟ ಬ್ಯಾರೆ ಅಂದ್ಕಂಡಿದ್ದೆ.’

‘ಬೇರೆ ಏನು?’

‘ನಾವ್ ಕೊಟ್ ನೀರ್ನ ನೀವು ಮುಟ್ಟಾಕಿಲ್ಲ ಅಂತ. ಅಂಗಲ್ಲ, ಕಾಗ್ದ ನೆಂದೋಯ್ತದೆ ಅಂತ. ಎರಡ್ರಲ್ಲಿ ಯಾವ್ದು ವಾಸಿ ಅಂತ ನಂಗೀಗ್ಲೂ ಗೊತ್ತಾಗಿಲ್ಲ ಸಾ.’

ಸಭಿಕರೇ, ಇದಕ್ಕೆ ಯಾವ ನಾಟಕದಲ್ಲಿ ಉತ್ತರ ಬರೆದಿದ್ದಾರೆ? ಅವತ್ತು ಕಾಗದ ಇಲ್ಲದಿದ್ದರೂ ಆ ಚೊಂಬಿಗೆ ಕೈ ಚಾಚುತ್ತಿದ್ದೆನೇ? ಮುಂದಕ್ಕೆ ಹೋಗುತ್ತೇನೆ.

‘ಗೊತ್ತಿದ್ದೂ ಯಾಕಮ್ಮ ಯಾರಿಗೂ ಹೇಳಲಿಲ್ಲ?’ ಎಂದೆ.

‘ಏಳಿದ್ರೆ ನಿಮ್ ಗಂಟ್ಲು ಮುಂದೆ ನನ್ ಮಾತು ಕೇಳೋರ್ ಯಾರು? ನೀವೇ ಏಳ್ತೀರಿ ಅಂತ ಕಾದೆ. ಮೂರ್ ವರ್ಸ ಆಯ್ತು.’

ಕ್ಷಮಿಸಿ ಎಂದೆ. ‘ನನ್ ಮುಂದೆ ಏಳ್ಬುಟ್ರೆ ಏನ್ ಬಂತು? ನನ್ ಗಂಡನ್ ಎಸ್ರು ಓಗಿದ್ದು ಸಭೇಲಿ. ಸಭೇಲೇ ಏಳಿ. ಬತ್ತೀನಿ ನಾನು, ಅವ್ರುನ್ನೂ ಕರ್ಸ್ತೀನಿ. ಆದ್ರೆ ಒಂದು, ನಾಟ್ಕ ಮಾಡ್ಬ್ಯಾಡಿ. ನೀವು ನಾಟ್ಕ ಮಾಡುದ್ರೆ ಜನ ನಿಮ್ಗೇ ಅಯ್ಯೋ ಅಂತಾರೆ.’

ಹೇಳಿ ಒಳಗೆ ಹೋದರು. ಬರುವಾಗ ಕೈಯಲ್ಲಿ ಚೊಂಬು. ನನ್ನ ಮುಂದೆ ಇಟ್ಟು ಪಕ್ಕಕ್ಕೆ ಸರಿದು ನಿಂತರು. ಚಪ್ಪಲಿ ಬಿಟ್ಟು ಆ ನೀರನ್ನು ಎರಡು ಪಾದಕ್ಕೂ ಹೊಯ್ದುಕೊಂಡೆ. ಸೋಡಾ ನೀರು. ಹಿಮ್ಮಡಿಯ ಬಿರುಕುಗಳಲ್ಲಿ ಉರಿಯಿತು.

ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಡಾಕ್ಟರ ಮೇಜಿನ ಮೇಲೆ ಒಂದು ಕಾಗದ ಇಟ್ಟಿದ್ದೇನೆ. ಆ ಹಳೆಯ ವರದಿಯ ಬದಲಿಗೆ ಏನು ಬರೆಯಬೇಕಾಗಿತ್ತೋ ಅದನ್ನು ಬರೆದು ರುಜು ಮಾಡಿದ್ದೇನೆ. ಡಾಕ್ಟರು ಎರಡು ಸಲ ಓದಿದರು. ಕನ್ನಡಕ ತೆಗೆದರು. ‘ಇದನ್ನು ಮೇಲಕ್ಕೆ ಕಳಿಸಿದರೆ ವಿಚಾರಣೆ ಆಗುತ್ತದೆ ಕಣ್ರೀ, ನಿಮ್ಮ ಪಿಂಚಣಿ ನಿಲ್ಲಬಹುದು’ ಎಂದರು. ‘ಕಳಿಸಿ ಸಾರ್’ ಎಂದೆ. ಅವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಸೀಲು ಒತ್ತಿದರು. ಶಾಂತಾ, ನಿನಗೆ ಇದನ್ನು ಮನೆಯಲ್ಲೇ ಹೇಳಬೇಕಾಗಿತ್ತು. ಹೇಳಲು ಬಾಯಿ ಬರಲಿಲ್ಲ. ಇಷ್ಟು ದೊಡ್ಡ ಬಾಯಿ ಇಟ್ಟುಕೊಂಡು!

ಈ ಮೇಜಿನ ಕೆಳಗೆ ಒಂದು ಕೈಚೀಲವಿದೆ. ಅದರಲ್ಲಿ ಆ ಬೂಟುಗಳಿವೆ. ಎಡಗಾಲಿನದರ ಹಿಮ್ಮಡಿಯಲ್ಲಿ ಈಗಲೂ ಉಗುರಿನಷ್ಟು ಬೇಗಡೆ ಉಳಿದಿದೆ. ಕೊನೆಯಲ್ಲಿ ಅವನ್ನು ಎತ್ತಿ ಹಿಡಿದು ತೋರಿಸಿ, ಆಮೇಲೆ ಆ ವಾಕ್ಯ ಹೇಳಬೇಕು ಎಂದು ನಿನ್ನೆಯೆಲ್ಲ ಅಭ್ಯಾಸ ಮಾಡಿದ್ದೆ. ಕನ್ನಡಿಯ ಮುಂದೆ ನಿಂತು ಮಾಡಿದ್ದೆ. ಈಗ ಸುಂದ್ರಮ್ಮನವರ ಮುಖ ನೋಡುತ್ತಿದ್ದೇನೆ. ಚೀಲ ಅಲ್ಲೇ ಇರಲಿ. ಬಿಚ್ಚುವುದಿಲ್ಲ.

ಮೈಕಿನ ನಿಂಗರಾಜು, ಈಗ ಅದನ್ನು ಹಾಕಪ್ಪ. ಪೂರ್ತಿ ಹಾಕು. ಇದನ್ನು ನನ್ನ ಗಂಟಲಿನಲ್ಲಿ ಹೇಳಬಾರದು, ಸಣ್ಣಗೆ ಹೇಳುತ್ತೇನೆ. ಹಿಂದಿನ ಬಾಗಿಲ ಹತ್ತಿರ ನಿಂತಿರುವವರಿಗೂ ಕೇಳಬೇಕು. ಬಿಳಿ ಅಂಗಿ, ಹೆಗಲ ಮೇಲೆ ಟವೆಲು. ಬತ್ತೇರಿಯಿಂದ ಬೆಳಗಿನ ಬಸ್ಸಿಗೆ ಬಂದವರು.

ಬೇಗೂರಿಗೆ ಹಂದಿ ಜ್ವರ ತಂದವರು ಮಾದಣ್ಣನವರಲ್ಲ, ನಾನು.

ಚಪ್ಪಾಳೆ ಬೇಡ. ಪಕ್ಕಕ್ಕಿಟ್ಟುಕೊಳ್ಳಿ ಎಂದೆನಲ್ಲ, ಅದನ್ನು ಮನೆಗೆ ವಾಪಸ್ಸು ತೆಗೆದುಕೊಂಡು ಹೋಗಿ.

ಮಾದಣ್ಣನವರೇ, ಮುಂದಿನ ಸಾಲಿನಲ್ಲಿ ನನ್ನ ಹೆಸರಿನ ಕುರ್ಚಿ ಖಾಲಿಯಿದೆ. ಬಂದು ಕೂತುಕೊಳ್ಳಿ ಎಂದು ಹೇಳುವ ಯೋಗ್ಯತೆ ನನಗಿಲ್ಲ, ಕುರ್ಚಿ ಇದೆ ಎಂದಷ್ಟೇ ಹೇಳುತ್ತೇನೆ. ನೀವು ಅಲ್ಲೇ ನಿಂತಿರುತ್ತೀರಾದರೆ ನಾನೂ ನಿಮ್ಮ ಪಕ್ಕ ಬಂದು ಬಾಗಿಲಲ್ಲಿ ನಿಲ್ಲುತ್ತೇನೆ. ಬಾಗಿಲಲ್ಲಿ ನಿಲ್ಲುವುದು ನನಗೆ ಅಭ್ಯಾಸವಿದೆ.

ಕರೆದ ಮಿತ್ರರಿಗೂ, ಕೂತು ಕೇಳಿದ ನಿಮಗೂ, ಸೀಲು ಒತ್ತಿದ ಡಾಕ್ಟರಿಗೂ, ಮೂರು ವರ್ಷ ಕಾದ ಸುಂದ್ರಮ್ಮನವರಿಗೂ ನಾನು ಋಣಿ. ಇಷ್ಟೇ.

ನಮಸ್ಕಾರ.